ನೂರಾ ಇಪ್ಪತ್ತು ಗಂಟೆಯ ಗಡಿಯಾರ

"ಅಮ್ಮಾ, ಹೋದ ಸಲ ನಿಮ್ಮ ಪ್ಯಾಂಟಿನ್ಯಾಗ ಒಂದು ಗಡಿಯಾರ ಬಂದಿತ್ತಲ್ಲ, ಅದು ನಡೀವಲ್ದು. ಅದರ ಚಾವಿ ನಿಮ್ಮಲ್ಲೇ ಉಳದೈತೇನು ನೋಡ್ರಿ."

ಎರಡು ವಾರದ ಹಿಂದೆ, ಮಂಗಳವಾರ ಬೆಳಿಗ್ಗೆ, ನಮ್ಮ ಗೇಟಿನ ಮುಂದೆ ಬುಟ್ಟಿ ಇಳಿಸುತ್ತಾ ಹುಲಿಗೆಮ್ಮ ಹೇಳಿದ ಮಾತು ಇದು.

ಹುಲಿಗೆಮ್ಮ ಪಾತ್ರೆಯವಳು. ಕುರುಗೋಡಿನಿಂದ ಬೆಳಗಿನ ಬಸ್ಸು ಹಿಡಿದು ಬಳ್ಳಾರಿಗೆ ಬಂದು, ನಮ್ಮ ಸತ್ಯನಾರಾಯಣಪೇಟೆಯ ಓಣಿ ಓಣಿ ತಿರುಗುತ್ತಾಳೆ. ಹಳೆ ಬಟ್ಟೆ ಕೊಟ್ಟರೆ ಹೊಸ ಸ್ಟೀಲ್ ಪಾತ್ರೆ ಕೊಡುತ್ತಾಳೆ. (ಮೊಬೈಲ್ ಕಂಪನಿಗಳು ಎಕ್ಸ್‌ಚೇಂಜ್ ಆಫರ್ ಅಂತ ಈಗ ಕುಣಿಯುತ್ತವಲ್ಲ, ಹುಲಿಗೆಮ್ಮನ ಅತ್ತೆಯ ಕಾಲದಿಂದಲೂ ಅದು ನಮ್ಮ ಓಣಿಯಲ್ಲಿ ನಡೆದೇ ಇದೆ.)

"ಯಾವ ಗಡಿಯಾರ ಹುಲಿಗೆಮ್ಮ?" ಅಂದೆ.

"ದುಂಡಗ, ಕರ್ರಗ ಐತಲ್ರಿ. ಒಂದ ಮುಳ್ಳು. ನಮ್ಮ ಸೊಸಿಗೆ ಓದಾಕ ಬರ್ತೈತಿ. ಆಕಿ ನೋಡಿ 'ಅತ್ತೀ, ಇದರಾಗ ನೂರಾ ಇಪ್ಪತ್ತು ಗಂಟಿ ಅದಾವ' ಅಂದ್ಲು. ನಾನಂದೆ, ದೊಡ್ಡೋರ ಮನಿ ಗಡಿಯಾರ ಬಿಡು, ಇದ್ದರೂ ಇರಬೌದು!"

ಕೊಡಲೆಂದು ಹಿಡಿದಿದ್ದ ಹಳೆ ಬೆಡ್‌ಶೀಟು ನನ್ನ ಕೈಯಲ್ಲೇ ಉಳಿಯಿತು.

ದುಂಡಗೆ. ಕರ್ರಗೆ. ಒಂದೇ ಮುಳ್ಳು. ನೂರಾ ಇಪ್ಪತ್ತು.

ಅದು ಗಡಿಯಾರವಲ್ಲ. ನಮ್ಮ ಮನೆಯ ಬುಲೆಟ್‌ನ ಸ್ಪೀಡೋಮೀಟರ್. ಅದು ಕಾಣೆಯಾಯಿತೆಂದು ನಾವು ಒಬ್ಬ ಮನುಷ್ಯನನ್ನು ಕಳ್ಳನ ಸಾಲಿಗೆ ನಿಲ್ಲಿಸಿಯಾಗಿತ್ತು.

ಈ ಅಂಕಣ ಓದುವವರಿಗೆ ನಮ್ಮ ಮನೆಯ ಬುಲೆಟ್ ಹೊಸದಲ್ಲ. ಶನಿವಾರ ಅದರ ಸ್ನಾನ ಮುಗಿದ ಮೇಲೆಯೇ ನಮ್ಮ ಮನೆಯವರ ಸ್ನಾನ ಅಂತ ಹಿಂದೊಮ್ಮೆ ಬರೆದಿದ್ದೆ. ಅದು ನಮ್ಮ ಮಾವನವರದ್ದು. ಅವರು ಗಾಡಿ ಓಡಿಸುವುದನ್ನು ಬಿಟ್ಟ ದಿನ ಇವರು, ಅಂದರೆ ನನ್ನ ಯಜಮಾನರು, ಮೀಟರಿನ ಕೇಬಲ್ ಬಿಚ್ಚಿಸಿಬಿಟ್ಟರು. ಮೀಟರಿನೊಳಗೆ ಸಣ್ಣ ಕಿಟಕಿಯಲ್ಲಿ ಕಿಲೋಮೀಟರಿನ ಅಂಕಿ ಕಾಣುತ್ತದಲ್ಲ, ಅದು ಅಲ್ಲಿಗೇ ನಿಲ್ಲಲಿ ಅಂತ. "ಅಪ್ಪ ಓಡಿಸಿದ್ದು ಅಷ್ಟು. ಅದರಾಗ ನಂದು ಕೂಡಬಾರದು" ಅಂದಿದ್ದರು.

ಹಾಗಾಗಿ ನಮ್ಮ ಗಾಡಿಯ ಮುಳ್ಳು ವರ್ಷಗಟ್ಟಲೆ ಸೊನ್ನೆಯ ಮೇಲೆ ಮಲಗಿತ್ತು. ಮತ್ತೆ ಸ್ಪೀಡು ಎಷ್ಟು ಅಂತ ಗೊತ್ತಾಗುವುದು ಹೇಗೆ? ಯಾರಾದರೂ ಕೇಳಿದರೆ ಇವರದ್ದು ಒಂದೇ ಉತ್ತರ: "ಹಿಂದ ಕುಂತ ಹೆಂಡ್ತಿ ಮಾತು ನಿಲ್ಲಿಸಿದ್ಲು ಅಂದ್ರ ಸ್ಪೀಡು ಜಾಸ್ತಿ ಆತು ಅಂತ ಲೆಕ್ಕ."

ಓಡದ ಮೀಟರ್ ಕಳೆದರೆ ಯಾಕಿಷ್ಟು ಸಂಕಟ ಅಂತ ಈಗ ನಿಮಗೆ ಅರ್ಥವಾಗಿರಬೇಕು. ಕಳೆದದ್ದು ಮೀಟರ್ ಅಲ್ಲ, ಅದರೊಳಗೆ ನಿಂತಿದ್ದ ಅಂಕಿ.

ನಡೆದದ್ದು ಇಷ್ಟು.

ಮುಂದಿನ ದೀಪ ಮತ್ತು ಮೀಟರ್ ಎರಡನ್ನೂ ಹಿಡಿದಿರುವ ತಗಡಿನ ಕವಚಕ್ಕೆ ಗ್ಯಾರೇಜಿನವರು ಡೂಮ್ ಅನ್ನುತ್ತಾರೆ. ನಮ್ಮ ಬುಲೆಟ್‌ನ ಡೂಮಿಗೆ ತುಕ್ಕು ಹಿಡಿದಿತ್ತು. ಬಿಚ್ಚಿ ಪೇಂಟ್ ಮಾಡಿಸಲು ಮಾರೆಣ್ಣನಿಗೆ ಕೊಟ್ಟರು. ಮಾರೆಣ್ಣ ಬಾದನಹಟ್ಟಿಯವನು. ದಿನವೂ ಬಳ್ಳಾರಿಗೆ ಬಂದು ಗ್ಯಾರೇಜ್ ತೆರೆಯುತ್ತಾನೆ. ಮಾವನವರ ಕಾಲದಿಂದ ಈ ಗಾಡಿಯನ್ನು ಬೇರೆಯವರು ಮುಟ್ಟಿಲ್ಲ. ಕೆಲಸ ಮುಗಿದ ಮೇಲೆ ಮೊದಲು ಮರದ ಹೊಟ್ಟಿನಲ್ಲಿ ಕೈ ಉಜ್ಜಿ, ಆಮೇಲೆ ಸೋಪು ಹಾಕಿ ತೊಳೆದು, ಉಗುರಿನ ಸಂದಿ ನೋಡಿಕೊಂಡೇ ಟೀ ಕಪ್ ಮುಟ್ಟುವ ಮನುಷ್ಯ. ಸಕ್ಕರೆ ಎರಡು ಚಮಚ ಜಾಸ್ತಿ.

ಪೇಂಟಾಗಿ ಬಂದ ಡೂಮ್ ನೋಡಲು ಇವರು ಗ್ಯಾರೇಜಿಗೆ ಹೋದರು. ಕನ್ನಡಿಯಂತೆ ಹೊಳೆಯುತ್ತಿತ್ತಂತೆ. ಮೀಟರ್ ಇರಬೇಕಾದ ಕಡೆ ಮಾತ್ರ ದುಂಡನೆ ತೂತು.

"ಮೀಟರ್ ಎಲ್ಲೈತಿ ಮಾರೆಣ್ಣ?"

"ಆವತ್ತ ಮನಿಗೆ ಕೊಟ್ಟೀನಲ್ಲ ಸಾರ್. ಗ್ಯಾರೇಜಿನ್ಯಾಗ ಇಟ್ರ ಗ್ಲಾಸ್ ಒಡೀತೈತಿ ಅಂತ ಅಕ್ಕನ ಕೈಗೇ ಕೊಟ್ಟೀನಿ."

ಇವರು ಅಲ್ಲಿಂದಲೇ ನನಗೆ ಫೋನ್ ಮಾಡಿದರು. ಫೋನು ಸ್ಪೀಕರಿನಲ್ಲಿತ್ತು ಅಂತ ನನಗೆ ಆಮೇಲೆ ತಿಳಿಯಿತು.

"ಮಾರೆಣ್ಣ ಮೀಟರ್ ನಿನ್ನ ಕೈಗೆ ಕೊಟ್ಟಾನಂತ. ಎಲ್ಲಿಟ್ಟೀ?"

"ಇಲ್ಲವಲ್ಲ. ನನಗೆ ಯಾವ ಮೀಟರೂ ಕೊಟ್ಟಿಲ್ಲ."

ಅಷ್ಟೇ ಹೇಳಿದ್ದು. ಬೇಳೆ ಬೇಯಲು ಇಟ್ಟಿದ್ದೆ. ಫೋನ್ ಇಟ್ಟು ಕುಕ್ಕರಿನ ಸೀಟಿ ಎಣಿಸಲು ಹೋದೆ.

ಆದರೆ ನನ್ನ ಮಾತಿಗೆ ಒಂದು ತೂಕ ಇದೆಯಲ್ಲ! ಕಾನ್ವೆಂಟಿನಲ್ಲಿ ಓದಿದವಳು ನಾನು. ಕ್ಲಾಸಿನಲ್ಲಿ ಏನಾದರೂ ಒಡೆದರೆ ಸಿಸ್ಟರ್ "ಹೂ ಡಿಡ್ ದಿಸ್?" ಅಂತ ಕೇಳಿ ಮುಗಿಸುವ ಮೊದಲೇ ಎದ್ದು ನಿಲ್ಲುತ್ತಿದ್ದೆ. (ಎರಡು ಸಲ ನಾನು ಒಡೆಯದಿದ್ದರೂ ನಿಂತಿದ್ದೇನೆ. ಆ ಮೌನ ತಡೆಯಲು ಆಗುತ್ತಿರಲಿಲ್ಲ.) ಮದುವೆಯಾಗಿ ಬಂದ ಮೇಲೆ ಅತ್ತೆಯವರು ಊರಿಗೆಲ್ಲ ಸಾರಿದ್ದರು: "ನಮ್ಮ ಸೊಸಿ ಬಾಯಾಗ ಸುಳ್ಳು ಬರಂಗಿಲ್ಲ. ಸಾರಿಗೆ ಉಪ್ಪು ಹೆಚ್ಚಾದ್ರ ನಾವು ಉಣ್ಣೂದಕ್ಕಿಂತ ಮೊದಲ ತಾನೇ ಹೇಳ್ತಾಳ."

ಆ ಸರ್ಟಿಫಿಕೇಟು ಆವತ್ತು ಗ್ಯಾರೇಜಿನಲ್ಲಿ ಕೆಲಸ ಮಾಡಿತು.

"ನನ್ನ ಹೆಂಡ್ತಿ ಸುಳ್ಳು ಹೇಳ್ತಾಳೇನು ಮಾರೆಣ್ಣ?" ಅಂತ ಕೇಳಿದರಂತೆ ಇವರು. ಅಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಮಾರೆಣ್ಣ ಸ್ಪ್ಯಾನರ್ ಒರೆಸುತ್ತಾ ನಿಂತನಂತೆ. ಮನೆಗೆ ಬಂದು ಇವರು ಇದನ್ನೆಲ್ಲ ಹೇಳಿದಾಗ ನನಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ಹೌದು, ಆಯಿತು. ಮುಚ್ಚಿಡುವುದೇಕೆ?

ಇವರು ಬೆಳಗಿನ ವಾಕಿಂಗಿನಲ್ಲಿ ಗೆಳೆಯರಿಗೆ ಹೇಳಿದರು. ಕಳ್ಳ ಅಂತ ಯಾರೂ ಅನ್ನಲಿಲ್ಲ, ಎಲ್ಲರೂ ಮರ್ಯಾದಸ್ಥರು. "ಹಳೇ ಬುಲೆಟ್ ಪಾರ್ಟ್ಸಿಗೆ ಈಗ ಭಾರಿ ಡಿಮ್ಯಾಂಡ್ ಐತಿ ಬಿಡ್ರಿ" ಅಂದರು ಒಬ್ಬರು. "ಮನುಷ್ಯನ ಮನಸ್ಸು ನೋಡ್ರಿ" ಅಂದರು ಇನ್ನೊಬ್ಬರು. ಇಬ್ಬರು ತಮ್ಮ ಗಾಡಿಗಳನ್ನು ಬೇರೆ ಗ್ಯಾರೇಜಿಗೆ ಹಾಕಿದರು. ಕಳ್ಳ ಅನ್ನುವ ಪದ ಬಳಸದೆಯೂ ಎಷ್ಟು ಚೆನ್ನಾಗಿ ಅನ್ನಬಹುದು, ಅಲ್ಲವೇ?

ಡೂಮಿನ ತೂತಿಗೆ ನಾನು ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಒತ್ತಿದೆ. ಅಳತೆ ಮಾಡಿಸಿದಂತೆ ಕೂತಿತು. ಅದರ ಮೇಲೆ ಮಾವಿನಕಾಯಿಯ ಚಿತ್ರ ಇತ್ತು. ಇವರು ನಗಲಿಲ್ಲ.

ತಿಂಗಳು ಕಳೆದ ಮೇಲೆ ಮಾರೆಣ್ಣ ತಾನಾಗಿಯೇ ಮನೆಗೆ ಬಂದ. ಕೈಯಲ್ಲಿ ಪೇಪರ್ ಸುತ್ತಿದ ಒಂದು ಗಂಟು. ಬಿಚ್ಚಿದರೆ ಮೀಟರ್! ನಮ್ಮದಲ್ಲ, ಆದರೆ ನಮ್ಮದರ ಅಣ್ಣನೋ ತಮ್ಮನೋ ಅನ್ನುವ ಹಾಗಿತ್ತು. ಗಾಜು ಸ್ವಲ್ಪ ಹಳದಿಗಟ್ಟಿತ್ತು.

"ಸಿರುಗುಪ್ಪದಾಗ ಸಿಕ್ತು ಸಾರ್" ಅಂದ. "ಅಂಗಡ್ಯಾಗಿನ ಹೊಸಾವು ಈ ಡೂಮಿಗೆ ಕೂಡಂಗಿಲ್ಲ. ಇದು ಅದೇ ಕಾಲದ್ದು."

ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟ. ಮೀಟರ್ ಕೂರಿಸಿದ. ಹೊಸ ಕೇಬಲ್ ಹಾಕಿದ. ಮುಂದಿನ ಚಕ್ರ ಎತ್ತಿ ತಿರುಗಿಸಿ, ಮುಳ್ಳು ನಡುಗುತ್ತಾ ಮೇಲೇಳುವುದನ್ನು ನೋಡಿ ತಲೆಯಾಡಿಸಿದ. ಎಷ್ಟಾಯಿತು ಅಂದರೆ "ಏನಿಲ್ಲ ಬಿಡ್ರಿ" ಅಂದ. ಹೊರಗಿನ ನಲ್ಲಿಯಲ್ಲಿ ಕೈ ತೊಳೆದ. ಟೀ ತರುತ್ತೇನೆ ಅಂತ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಹೊರಟೇ ಹೋಗಿದ್ದ.

ಇವರು ಗೇಟು ಹಾಕುತ್ತಾ ಹೇಳಿದರು: "ನೋಡಿದ್ಯಾ? ತಪ್ಪು ಮಾಡದಾವ ಪುಕ್ಕಟ ಯಾಕ ಹಾಕಿಕೊಡ್ತಾನ?"

ನಾನು? ಹೌದಲ್ಲ ಅಂದುಕೊಂಡೆ. ಎರಡು ಚಮಚ ಸಕ್ಕರೆ ಹೆಚ್ಚು ಹಾಕಿದ್ದ ಟೀ ಸಿಂಕಿಗೆ ಸುರಿದೆ.

ಈಗ ಮತ್ತೆ ಆ ಮಂಗಳವಾರಕ್ಕೆ ಬನ್ನಿ. ಹುಲಿಗೆಮ್ಮ ಚಾವಿ ಕೇಳುತ್ತಾ ನಿಂತಿದ್ದಾಳೆ. ನನಗೆ ಎಲ್ಲ ನೆನಪಾಗುತ್ತಿದೆ, ಒಂದೊಂದಾಗಿ ಅಲ್ಲ, ಒಮ್ಮೆಲೇ.

ಹೋದ ಸಲ ಅವಳು ಬಂದಾಗ ನನ್ನ ಕಣ್ಣು ಒಂದು ಬೋಗುಣಿಯ ಮೇಲಿತ್ತು. ಅಗಲ ಬಾಯಿ, ದಪ್ಪ ತಳ, ಅಂಚಿಗೆ ಎರಡು ಗೆರೆ. ನಾಲ್ಕು ಶರ್ಟು, ಎರಡು ಸೀರೆ ಹಾಕಿದ್ದೆ. ಹುಲಿಗೆಮ್ಮ ಬಗ್ಗಲಿಲ್ಲ. "ಇನ್ನೊಂದು ಜೀನ್ಸ್ ಹಾಕ್ರಿ ಯವ್ವಾ, ಬೋಗುಣಿ ಎತ್ಕಂಡು ಒಳಗ ಹೋಗ್ರಿ" ಅಂದಳು. ಹೊಲದ ಕೆಲಸಕ್ಕೆ, ಮೆಣಸಿನಕಾಯಿ ಬಿಡಿಸುವ ಕೆಲಸಕ್ಕೆ ಜೀನ್ಸ್ ಪ್ಯಾಂಟಿನಷ್ಟು ಬಾಳಿಕೆ ಬರುವ ಬಟ್ಟೆ ಬೇರೆ ಇಲ್ಲವಂತೆ. ನಾನು "ಇಷ್ಟಕ್ಕೇ ಕೊಡು" ಅಂತ, ಅವಳು "ಆಗಂಗಿಲ್ಲ" ಅಂತ.

ಆಗಲೇ ಮಾರೆಣ್ಣ ಬಂದಿದ್ದು. ಯಾರದೋ ಸ್ಕೂಟರ್ ಟ್ರಯಲ್ ನೋಡುತ್ತಾ ಬಂದಿದ್ದ, ಇಂಜಿನ್ ಕೂಡ ಆಫ್ ಮಾಡಲಿಲ್ಲ. ಗೇಟಿನ ಮೇಲಿಂದ ಏನೋ ಚಾಚಿದ. "ಅಕ್ಕಾ, ಸಾರ್‌ಗೆ ಕೊಡ್ರಿ" ಅಂದ. ನಾನು "ಹ್ಞೂಂ" ಅಂದೆ, ಬೋಗುಣಿಯ ಮೇಲಿಟ್ಟ ಕಣ್ಣು ತೆಗೆಯದೆ. ಅವನು ಹೋದ. ನನ್ನ ಕೈಯಲ್ಲಿ ಏನಿತ್ತು? ಒಂದು ಹಳೆ ಜೀನ್ಸ್ ಪ್ಯಾಂಟು, ಕಾಲಿಗೆ ಗಂಟು ಹಾಕಿದ್ದು.

ಬಳ್ಳಾರಿಯಲ್ಲಿ ಗ್ಯಾರೇಜಿನವರು ಗಾಜಿನ ಸಾಮಾನನ್ನು ಇನ್ಯಾವುದರಲ್ಲಿ ಸುತ್ತಿಕೊಡುತ್ತಾರೆ ಹೇಳಿ? ಜೀನ್ಸ್ ಹೊಲಿಯುವುದಕ್ಕೇ ಹೆಸರಾದ ಈ ಊರಿನಲ್ಲಿ ಮನೆಗಿಂತ ಜಾಸ್ತಿ ಜೀನ್ಸ್ ಇವೆ.

ಇನ್ನೊಂದು ಜೀನ್ಸ್ ಬೇಕು ಅಂತ ಹುಲಿಗೆಮ್ಮ. ಕೈಯಲ್ಲಿ ಜೀನ್ಸ್ ಹಿಡಿದ ನಾನು. ಮುಂದಿನದು ಹೇಳಬೇಕೇ? "ತಗೋ ಹೋಗು" ಅಂತ ಬಟ್ಟೆ ರಾಶಿಯ ಮೇಲೆ ಹಾಕಿದೆ. ಹುಲಿಗೆಮ್ಮ ಎತ್ತಿ ನೋಡಿ "ತೂಕ ಐತಿ, ಗಟ್ಟಿ ಪ್ಯಾಂಟು" ಅಂತ ಮೆಚ್ಚಿಕೊಂಡಳು. ನಾನು ಗೆದ್ದ ಖುಷಿಯಲ್ಲಿ ಬೋಗುಣಿ ಎತ್ತಿಕೊಂಡು ಒಳಗೆ ಹೋದೆ.

ಸುಳ್ಳು ಹೇಳದವಳು ನಾನು. ಸುಳ್ಳು ಹೇಳಿರಲಿಲ್ಲ ಕೂಡ. ನೋಡಿಯೇ ಇರಲಿಲ್ಲ, ಅಷ್ಟೇ.

ಮಧ್ಯಾಹ್ನ ಇವರು ಊಟಕ್ಕೆ ಬಂದರು. ಸಾರು ಅನ್ನ ಆಯಿತು. ಮಜ್ಜಿಗೆಗೆ ಕೈ ಹಾಕಿದರು.

"ಯಾಕ, ಇವತ್ತ ಮಾತಿಲ್ಲ?"

"ಮೀಟರ್ ಸಿಕ್ಕಿತು" ಅಂದೆ.

"ಎಲ್ಲಿ? ಮಾರೆಣ್ಣನ ಹಂತೇಕೇ ಇತ್ತೇನು?"

"ಅಲ್ಲ. ಕುರುಗೋಡಿನಲ್ಲಿದೆ, ಹುಲಿಗೆಮ್ಮನ ಮನೆಯಲ್ಲಿ. ಮಾರೆಣ್ಣ ನನ್ನ ಕೈಗೇ ಕೊಟ್ಟಿದ್ದ. ನೀವೀಗ ಮಜ್ಜಿಗೆ ಬಡಿಸಿಕೊಂಡಿರಲ್ಲ, ಆ ಬೋಗುಣಿಗೆ ನಾನೇ ಅದನ್ನು ಕೊಟ್ಟುಬಿಟ್ಟೆ."

ಇವರು ಬೋಗುಣಿ ನೋಡಿದರು. ನನ್ನನ್ನು ನೋಡಿದರು. ಪೂರ್ತಿ ಕಥೆ ಕೇಳುತ್ತಾ, ನೂರಾ ಇಪ್ಪತ್ತು ಗಂಟೆಯ ಹತ್ತಿರ ಬಂದಾಗ ತಡೆಯಲಾರದೆ ನಗು ಬಂದು ಮಜ್ಜಿಗೆ ನೆತ್ತಿಗೇರಿತು. ನಾನು ಬೆನ್ನು ತಟ್ಟಿದೆ. ಕೆಮ್ಮು ನಿಂತಾಗ ನಗುವೂ ನಿಂತಿತ್ತು.

"ಆತು ಬಿಡು" ಅಂದರು. "ಅಪ್ಪನ ಮೀಟರ್ ತಂದಿಟ್ಕೊಳೂಣ. ಮಾರೆಣ್ಣಗ ಹಬ್ಬಕ್ಕ ಒಂದು ಜೋಡಿ ಅರಿವಿ ಕೊಟ್ಟರಾತು. ಈಗ ಹೋಗಿ ತಪ್ಪಾತಪಾ ಅಂತ ನಿಂತ್ರ ಜನ ಏನಂತಾರ?"

"ಜನ ಈಗ ಏನನ್ನುತ್ತಿದ್ದಾರೆ ಗೊತ್ತಲ್ಲ?"

"ಯಾರಿಗೆ?"

"ಅವನಿಗೆ."

ಇವರು ತಟ್ಟೆಯಲ್ಲೇ ಕೈ ತೊಳೆದರು. ಇವರು ಕೆಟ್ಟವರಲ್ಲ. ತಪ್ಪಾಯಿತು ಅನ್ನುವ ಮಾತು ಕೆಲವರ ಬಾಯಿ ದಾಟಿ ಬರುವುದೇ ಇಲ್ಲ, ಮೀನಿನ ಮುಳ್ಳಿನ ಹಾಗೆ ಗಂಟಲಿನಲ್ಲೇ ನಿಲ್ಲುತ್ತದೆ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇರಬಹುದು.

ಬುಧವಾರ ಹೋಯಿತು, ಗುರುವಾರ ಹೋಯಿತು. ನನಗೆ ಅನ್ನ ಸೇರಲಿಲ್ಲ. ಶನಿವಾರ ಹೇಳಿದೆ: "ನಾಳೆ ನಾನು ಬಸ್ಸಿನಲ್ಲಿ ಕುರುಗೋಡಿಗೆ ಹೋಗುತ್ತೇನೆ. ಅಲ್ಲಿಂದ ಬಾದನಹಟ್ಟಿಗೆ, ಮಾರೆಣ್ಣನ ಮನೆಗೆ. ಅಡುಗೆ ಮಾಡಿಟ್ಟಿರುತ್ತೇನೆ."

ಐತವಾರ ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಹೊರಗೆ ಬುಲೆಟ್ ಸ್ಟಾರ್ಟ್ ಆಗಿತ್ತು. ಹತ್ತಿ ಕೂತೆ.

ಊರು ದಾಟಿದ ಮೇಲೆ ಇವರ ಭುಜದ ಮೇಲಿಂದ ಇಣುಕಿದೆ. ಆ ಗಾಡಿಯ ಮೇಲೆ ಕೂತು ಇಷ್ಟು ವರ್ಷವಾದರೂ ಮುಳ್ಳು ಓಡುವುದನ್ನು ನಾನು ನೋಡಿದ್ದು ಅಂದೇ. ಅದು ನೆಟ್ಟಗೆ ನಿಲ್ಲುವುದಿಲ್ಲ, ಬಿಸಿ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ತುಸು ತುಸು ಕುಣಿಯುತ್ತದೆ. ನನ್ನ ಮಾತು ಸರಿಯಾಗಿ ನಲವತ್ತೆಂಟಕ್ಕೆ ನಿಲ್ಲುತ್ತದೆ ಅಂತಲೂ ಅಂದೇ ಗೊತ್ತಾಯಿತು.

ಕುರುಗೋಡಿನಲ್ಲಿ ಹುಲಿಗೆಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲೇ ಅವಳ ಸೊಸೆ ಬಟ್ಟೆ ರಾಶಿಯಿಂದ ಗುಂಡಿ ಹೋದ ಶರ್ಟುಗಳನ್ನು ಬೇರೆ ಮಾಡುತ್ತಿದ್ದಳು. ಗಡಿಯಾರ ಅಂದ ಕೂಡಲೇ ಒಳಗೆ ಹೋಗಿ ತಂದಳು.

"ಗಂಟಿ ತೋರಿಸವಲ್ದು, ಬೆಕ್ಕಿನಿಂದರ ಕಾಯಲಿ ಅಂತ ಮಸರಿನ ಗಡಿಗಿ ಮ್ಯಾಲೆ ಹೇರಿಟ್ಟಿದ್ದೆ ನೋಡ್ರಿ."

ಇವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಕರ್ಚೀಫಿನಿಂದ ಗಾಜು ಒರೆಸಿದರು. ಸಣ್ಣ ಕಿಟಕಿಯಲ್ಲಿ ಅಂಕಿ ಹಾಗೇ ಇತ್ತು. ಒಂದು ಕಿಲೋಮೀಟರೂ ಅತ್ತಿತ್ತ ಆಗಿರಲಿಲ್ಲ. ಇವರು ಆ ಕಡೆ ತಿರುಗಿ, ಕುರುಗೋಡಿನ ಗುಂಡುಗಲ್ಲಿನ ಗುಡ್ಡವನ್ನೇ ಬಹಳ ಹೊತ್ತು ನೋಡಿದರು. (ಆ ಗುಡ್ಡ ಇವರು ಚಿಕ್ಕಂದಿನಿಂದ ನೋಡಿದ್ದೇ.)

ಹುಲಿಗೆಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. "ಗಡಿಯಾರ ವಾಪಸ್ ಒಯ್ದ್ರ ನನ್ನ ಬೋಗುಣಿ?" ಅಂದಳು ಸೊಂಟಕ್ಕೆ ಕೈ ಇಟ್ಟು. ನ್ಯಾಯವಾದ ಪ್ರಶ್ನೆ. ಅದಕ್ಕೆಂದೇ ತಂದಿದ್ದ ಎರಡು ಸೀರೆ ಕೊಟ್ಟೆ. ಅಂಚು ಎಳೆದು ನೋಡಿ, "ಇಂಥಾವು ಮೊದಲ ಕೊಟ್ಟಿದ್ರ ಇಷ್ಟೆಲ್ಲಾ ರಾಮಾಯಣ ಆಗ್ತಿತ್ತೇನು?" ಅಂದಳು.

ಬಾದನಹಟ್ಟಿಯಲ್ಲಿ ಮಾರೆಣ್ಣ ಮನೆಯಲ್ಲಿರಲಿಲ್ಲ, ಯಾರದೋ ಹೊಲದ ಪಂಪ್‌ಸೆಟ್ ನೋಡಲು ಹೋಗಿದ್ದ. ಹೆಂಡತಿ ಗಂಗಮ್ಮ ಇದ್ದಳು. ಚಾಪೆ ಹಾಸಿದಳು, ನೀರು ಕೊಟ್ಟಳು, ಮುಖ ಮಾತ್ರ ಕೊಡಲಿಲ್ಲ. ನಾನು ಕೂತವಳು ಎಲ್ಲ ಹೇಳಿದೆ. ಬೋಗುಣಿ, ಜೀನ್ಸ್, ಫೋನು, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸುವವರೆಗೆ ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಇದ್ದಳು.

"ಆ ಸಿರುಗುಪ್ಪದ ಮೀಟರ್ ಹೆಂಗ ಬಂತು ಗೊತ್ತೈತೇನ್ರಿ ನಿಮಗ?" ಅಂತ ಶುರು ಮಾಡಿದಳು. "ಅಲ್ಲೊಂದು ರೈಸ್ ಮಿಲ್ಲು. ಮಾಲೀಕರ ಹಳೇ ಗಾಡಿ ಹೊಟ್ಟಿನ ಚೀಲದ ಹಿಂದ ಬಿದ್ದಿತ್ತಂತ. ರೊಕ್ಕಕ್ಕ ಕೊಡಂಗಿಲ್ಲ ಅಂದ್ರಂತ. ಮಿಲ್ಲಿನ ಜನರೇಟರ್ ಕೆಟ್ಟು ಕುಂತೈತಿ, ಅದನ್ನ ಎಬ್ಬಿಸಿಕೊಡು, ಮೀಟರ್ ಬಿಚ್ಕಂಡು ಹೋಗು ಅಂದ್ರಂತ. ಎರಡು ಐತವಾರ ಹೋದ ಈಯಪ್ಪ. ಮೈಯೆಲ್ಲಾ ಭತ್ತದ ಹೊಟ್ಟು, ತುರಿಸಿ ತುರಿಸಿ ಸಾಕಾತು. ನಾ ಕೇಳಿದೆ, ಕದ್ದಿಲ್ಲ ಅಂದ ಮ್ಯಾಲೆ ಯಾಕ ಹೋಗ್ತೀಯೋ ಮಾರಾಯ ಅಂತ. ಬಾಯಿ ಬಿಡಲಿಲ್ಲ."

ಇವರು ನೆಲ ನೋಡುತ್ತಿದ್ದರು.

"ತಪ್ಪು ನನ್ನದು ಗಂಗಮ್ಮ" ಅಂದೆ.

"ನನಗ ಹೇಳಿದ್ರ ಏನು ಬಂತ್ರೀ ಅಕ್ಕಾ? ಮಾತಾಡಿದ್ದು ಗ್ಯಾರೇಜಿನ್ಯಾಗ, ನಾಕು ಮಂದಿ ಮುಂದ. ಅಲ್ಲೇ ಬಂದು ಹೇಳ್ರಿ."

ಅವಳು ಹೇಳಿದ ಮಾತಿನಲ್ಲಿ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಹೊರಡುವಾಗ ಗಂಗಮ್ಮ ಒಂದು ಚೀಲದಲ್ಲಿ ಹಸಿ ಶೇಂಗಾ ಹಾಕಿಕೊಟ್ಟಳು. ಅದು ಸಿಟ್ಟು ಇಳಿದದ್ದಕ್ಕಲ್ಲ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಅನ್ನುವುದಕ್ಕೆ.

ಸೋಮವಾರ ಗ್ಯಾರೇಜಿಗೆ ಹೋದೆವು. ಇವರು ಬೇಕೆಂದೇ ಜನ ಇರುವ ಹೊತ್ತು ಆರಿಸಿದ್ದರು ಅಂತ ಅಲ್ಲಿಗೆ ಹೋದ ಮೇಲೆ ತಿಳಿಯಿತು, ಏಕೆಂದರೆ ವಾಕಿಂಗ್ ಗೆಳೆಯರಲ್ಲಿ ಗಾಡಿ ಬೇರೆ ಕಡೆ ಹಾಕಿದ್ದ ಇಬ್ಬರೂ ಅಲ್ಲಿ ನಿಂತಿದ್ದರು. ಇವರೇ ಕರೆಸಿದ್ದರು. ನನಗೂ ಹೇಳಿರಲಿಲ್ಲ.

ಮಾರೆಣ್ಣ ಒಂದು ಮೊಪೆಡ್‌ನ ಚೈನ್ ಬಿಚ್ಚುತ್ತಾ ಕೂತಿದ್ದ. ಹೆಂಡತಿಯಿಂದ ಸುದ್ದಿ ಮುಟ್ಟಿತ್ತು ಅನ್ನುವುದು ಅವನು ತಲೆ ಎತ್ತದ ರೀತಿಯಲ್ಲೇ ಗೊತ್ತಾಯಿತು. ನಾನು ಗೇಟಿನಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳಿದೆ. ನನ್ನ ದನಿ ಸಣ್ಣದು. ಮೂಲೆಯಲ್ಲಿದ್ದ ಒಬ್ಬರು "ಏನಂತ್ರಿ?" ಅಂದರು. ಮತ್ತೊಮ್ಮೆ ಜೋರಾಗಿ ಹೇಳಬೇಕಾಯಿತು: "ಮಾರೆಣ್ಣ ಮೀಟರ್ ನನ್ನ ಕೈಗೇ ಕೊಟ್ಟಿದ್ದ. ನಾನು ನೋಡದೆ ಪಾತ್ರೆಯವಳಿಗೆ ಕೊಟ್ಟೆ. ಆಮೇಲೆ ಕೊಟ್ಟಿಲ್ಲ ಅಂದೆ."

"ಹೋಗ್ಲಿ ಬಿಡ್ರಿ ಅಕ್ಕಾ" ಅಂದ ಮಾರೆಣ್ಣ, ಕಿವಿಯವರೆಗೆ ಮುಜುಗರ. "ಗಿರಾಕಿ ಅದಾರ."

"ಗಿರಾಕಿ ಅದಾರ ಅಂತಲೇ ಬಂದೀವಿ" ಅಂದರು ಇವರು. ಅದು ಇವರ ಮೊದಲ ಮಾತು.

ಗೆಳೆಯರೊಬ್ಬರು "ನಾವಂತೂ ಆವತ್ತೇ ಅಂದಿದ್ವಿ, ಮಾರೆಣ್ಣ ಅಂಥಾವ ಅಲ್ಲ ಅಂತ" ಅಂದರು. (ಅಂದಿರಲಿಲ್ಲ.) ಮಾರೆಣ್ಣ ಅವರ ಕಡೆ ನೋಡಿ, "ಹೌದೇನ್ರಿ? ಹಂಗಾರ ನಿಮ್ಮ ಗಾಡಿಗೇ ಅಷ್ಟು ಕೇಳಿಸಿಲ್ಲ ನೋಡ್ರಿ. ಬ್ಯಾರೆ ಗ್ಯಾರೇಜಿಗೆ ಹೋಗೈತಿ" ಅಂದ. ಗ್ಯಾರೇಜೆಲ್ಲ ನಕ್ಕಿತು. ಗೆಳೆಯರೂ ನಗಲೇಬೇಕಾಯಿತು. ಬೇಸಿಗೆಯಲ್ಲಿ ಹೋದ ಕರೆಂಟು ಬಂದು ಫ್ಯಾನು ತಿರುಗಿದಾಗ ಮನೆಯಲ್ಲೆಲ್ಲ ಒಂದು ಉಸಿರು ಬರುತ್ತದಲ್ಲ, ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಹಾಗಾಯಿತು ನನಗೆ. ಆರು ದಿನದ ಮೇಲೆ ಹಸಿವಾಯಿತು. ಪಕ್ಕದ ಹೋಟೆಲಿನಿಂದ ಮಂಡಕ್ಕಿಯ ವಗ್ಗಾಣಿ, ಮಿರ್ಚಿ ಭಜ್ಜಿ ತರಿಸಿದರು. ಮಾರೆಣ್ಣ ಹೊಟ್ಟಿನಲ್ಲಿ ಕೈ ಉಜ್ಜಿ, ಸೋಪಿನಲ್ಲಿ ತೊಳೆದು, ಉಗುರು ನೋಡಿಕೊಂಡು ತಟ್ಟೆ ತೆಗೆದುಕೊಂಡ. ನಾನು ಎರಡು ಮಿರ್ಚಿ ತಿಂದೆ. ಮೂರು ಇರಬಹುದು.

ತಿಂದು ಮುಗಿಸಿ ಅವನು ಎದ್ದ. "ಕೊಡ್ರಿ ಸಾರ್, ಹಳೇ ಮೀಟರ್. ಸಿರುಗುಪ್ಪದ್ದು ಬಿಚ್ಚಿ ಅಪ್ಪಾರದ್ದು ಹಾಕಿಕೊಡ್ತೀನಿ. ಹತ್ತು ನಿಮಿಷದ ಕೆಲಸ."

ಇವರು ಗಾಡಿಯ ಸೀಟಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

"ಬ್ಯಾಡ" ಅಂದರು. "ಅದು ಮನ್ಯಾಗಿರಲಿ. ಗಾಡಿ ಮ್ಯಾಲೆ ನೀ ಹಾಕಿದ್ದೇ ಇರಲಿ."

ಮಾರೆಣ್ಣ ಮತ್ತೆ ಕೇಳಲಿಲ್ಲ. ತಪ್ಪಾಯಿತು ಅನ್ನುವುದಕ್ಕೆ ಇವರ ಬಳಿ ಇರುವುದು ಅಷ್ಟೇ, ಅದು ಅವನಿಗೆ ಮುಟ್ಟಿತು ಅಂತ ನನಗೆ ಕಂಡಿತು. ಮಾವನವರ ಮೀಟರ್ ಈಗ ಶೋಕೇಸಿನಲ್ಲಿದೆ. ಎಷ್ಟು ತೊಳೆದರೂ ಸಣ್ಣಗೆ ಮೊಸರಿನ ವಾಸನೆ.

ಇದನ್ನು ಪೇಪರಿನಲ್ಲಿ ಬರೆಯಲೇ ಅಂತ ಮಾರೆಣ್ಣನನ್ನು ಕೇಳಿದೆ. "ಬರೀರಿ. ಗ್ಯಾರೇಜ್ ಅಡ್ರೆಸ್ ಮಾತ್ರ ದೊಡ್ಡದಾಗಿ ಹಾಕ್ರಿ" ಅಂದ. (ಸಂಪಾದಕರು ಒಪ್ಪಲಿಲ್ಲ, ಮಾರೆಣ್ಣ. ನಾನು ಕೇಳಿದ್ದಂತೂ ನಿಜ.)

ಹೊರಡುವ ಮುಂಚೆ, ಇವರು ಗಾಡಿ ತಿರುಗಿಸಿಕೊಳ್ಳುತ್ತಿದ್ದಾಗ, ನನಗೆ ತಡೆಯಲಾಗಲಿಲ್ಲ. ಅವನು ಗಂಗಮ್ಮನಿಗೂ ಹೇಳದ ಉತ್ತರ ನನಗೆ ಬೇಕಿತ್ತು.

"ನೀನು ಕೊಟ್ಟದ್ದು ನಿನಗೆ ನೆನಪಿತ್ತಲ್ಲ ಮಾರೆಣ್ಣ? ಮತ್ತೆ ಯಾಕೆ ಸಿರುಗುಪ್ಪಕ್ಕೆ ಹೋದೆ?"

ಅವನು ಮೊಪೆಡ್‌ನ ಚೈನ್ ಕೈಗೆ ತೆಗೆದುಕೊಂಡ. ಒಂದೊಂದೇ ಕೊಂಡಿ ಒರೆಸಿದ.

"ನೆನಪಿತ್ತಕ್ಕಾ, ಛಂದಾಗಿ ನೆನಪಿತ್ತು. ಜೀನ್ಸ್ ಪ್ಯಾಂಟು, ಕಾಲಿಗೆ ಗಂಟು, ನೀವು ಹ್ಞೂಂ ಅಂದಿದ್ದು, ಎಲ್ಲಾ. ಆದ್ರ ಫೋನಿನ್ಯಾಗ ನೀವು ಇಲ್ಲ ಅಂದ್ರಿ. ನೀವು ಸುಳ್ಳು ಹೇಳೋರಲ್ಲ, ಅದು ಊರಿಗೇ ಗೊತ್ತೈತಿ. ಹಂಗಾರ ನನ್ನ ನೆನಪೇ ಸುಳ್ಳಿರಬೇಕು ಅಂದ್ಕಂಡೆ. ಹದಿನೈದು ದಿನ ನನ್ನ ಗ್ಯಾರೇಜು ನಾನೇ ಹುಡುಕೀನಿ, ಒಂದೊಂದು ಡಬ್ಬಿ ಬೋರಲ ಹಾಕಿ. ಸಿಗಲಿಲ್ಲ. ಕಳದಾವ ನಾನ ಅಂದ ಮ್ಯಾಲೆ ತಂದು ಹಾಕೋನೂ ನಾನ ಅಲ್ಲೇನ್ರಿ?"

ಸುಳ್ಳು ಹೇಳದವಳು ಅನ್ನುವ ನನ್ನ ಈ ಒಳ್ಳೆ ಹೆಸರು, ಇನ್ನೂ ಎಷ್ಟು ಜನ ತಮ್ಮ ಕಣ್ಣನ್ನೇ ತಾವು ನಂಬದ ಹಾಗೆ ಮಾಡಿದೆಯೋ?